ಹ್ಯಾಂಡಲ್ಲಿಗೆ ಕಟ್ಟಿದ ಚೀಟಿ

ನಮ್ಮ ಕ್ಲಬ್ಬಿನಲ್ಲಿ ಯಾರೂ ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ಗೋಡೆಯ ಹಲಗೆಗೆ ಅಂಟಿಸಲು ಪ್ರತಿಯೊಬ್ಬರೂ ಇನ್ನೊಬ್ಬ ಸದಸ್ಯರ ಬಗ್ಗೆ ಬರೆದುಕೊಡಬೇಕು. ಯಾರು ಯಾರ ಬಗ್ಗೆ ಎಂಬುದನ್ನು ಕಾರ್ಯದರ್ಶಿಗಳಾದ ಡ್ರಾಯಿಂಗ್ ಮೇಷ್ಟ್ರು ತೀರ್ಮಾನಿಸುತ್ತಾರೆ. ಈ ಸಲ ನನ್ನ ಪಾಲಿಗೆ ಬಂದವಳು ಇಸ್ತ್ರಿ. ಕ್ಲಬ್ಬಿನಲ್ಲಿ ಎಲ್ಲರನ್ನೂ ಅವರವರ ಕೆಲಸದ ಹೆಸರಿನಿಂದಲೇ ಕರೆಯುವುದು. ಅವಳು ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಒಂದೇ ಮನೆ, ಕೆಳಗೆ ನಾವು, ಮಹಡಿಯ ಮೇಲೆ ಅವರು. "ಅವಳನ್ನ ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರಮ್ಮ?" ಎಂದರು ಮೇಷ್ಟ್ರು. ಬಲ್ಲೆ. ಅದೇ ತೊಂದರೆ.

ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಐದು ವರ್ಷದ್ದು. ಅವಳು ದಿಂಬಿಗೆ ತಲೆಯಿಟ್ಟ ಎರಡೇ ನಿಮಿಷಕ್ಕೆ ನಿದ್ದೆ ಹೋಗುತ್ತಾಳೆ, ಗೊರಕೆ ಮಹಡಿ ಇಳಿದು ನನ್ನ ಕೋಣೆಗೆ ಬರುತ್ತದೆ. ನನಗೋ ಬಾಗಿಲ ಚಿಲಕ ಮೂರು ಸಲ ನೋಡಿಬರದೆ ಕಣ್ಣು ಮುಚ್ಚುವುದಿಲ್ಲ. ಅವಳು ಮೂರು ತಟ್ಟೆ ಅನ್ನ ಉಂಡರೂ ಮೈಗೆ ಹತ್ತುವುದಿಲ್ಲ. ನಾನು ಒಂದು ಬಿಸ್ಕತ್ತು ಹೆಚ್ಚಿಗೆ ತಿಂದರೆ ಅದು ದಾರಿ ಕೇಳದೆ ನೇರ ಸೊಂಟಕ್ಕೆ ಹೋಗಿ ಕೂರುತ್ತದೆ. ನಮ್ಮತ್ತೆ ಇಪ್ಪತ್ತು ವರ್ಷದಲ್ಲಿ ನನ್ನ ಒಂದೇ ಒಂದು ತಮಾಷೆಗೆ ನಕ್ಕಿದ್ದಿಲ್ಲ. ಅವಳು "ಅತ್ತೆ, ಉಪ್ಪು ಎಲ್ಲಿಟ್ಟಿದ್ದೀರಿ?" ಎಂದರೂ ಅವರಿಗೆ ನಗು ಉಕ್ಕುತ್ತದೆ. ಉಪ್ಪಿನಲ್ಲಿ ಅಂಥ ತಮಾಷೆ ಏನಿದೆಯೋ ನನಗಂತೂ ತಿಳಿಯದು.

ನನ್ನ ಕೆಲಸ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ. ಮುರಿದ ಕೈಕಾಲಿಗೆ ಮೊದಲು ಹತ್ತಿ ಸುತ್ತಬೇಕು, ಆಮೇಲೆ ಪಟ್ಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿ, ಹಿಂಡಿ, ಎಳೆಯದೆ ಸುತ್ತಿಕೊಂಡು ಹೋಗಬೇಕು. ಎಳೆದರೆ ಬಿಗಿಯಾಗುತ್ತದೆ, ಬಿಗಿಯಾದರೆ ಬೆರಳು ನೀಲಿಯಾಗುತ್ತದೆ. "ಒಳಗೆ ಎಲ್ಲಾದ್ರೂ ಉಜ್ಜಿದ್ರೆ ಅವತ್ತೇ ಬಂದು ಹೇಳಿ, ನಾಳೆ ನೋಡೋಣ ಅನ್ಬೇಡಿ" ಎಂದು ದಿನಕ್ಕೆ ಮೂವತ್ತು ಸಲ ಹೇಳುತ್ತೇನೆ. ಕೇಳಿಕೊಂಡು ಹೋದವರಿಗೆ ನನ್ನ ಮುಖ ನೆನಪಿರುವುದಿಲ್ಲ. ನಾನು ಹಾಕಿದ ಪ್ಲಾಸ್ಟರಿನ ಮೇಲೆ ಗೆಳೆಯರೆಲ್ಲರ ಸಹಿ ಹಾಕಿಸಿಕೊಳ್ಳುತ್ತಾರೆ, ಆರು ವಾರ ಕಳೆದ ಮೇಲೆ ನನ್ನ ಕೈಯಲ್ಲೇ ಕೊಯ್ಸಿ ಎಸೆಯುತ್ತಾರೆ. ಇದನ್ನು ಹೇಳಿದ್ದು ಯಾಕೆಂದರೆ, ನನಗೆ ಕ್ಲಬ್ಬಿನ ಕೆಂಪು ಟೋಪಿ ಎಷ್ಟು ದೊಡ್ಡ ವಿಷಯವಾಗಿತ್ತು ಎನ್ನುವುದು ನಿಮಗೆ ಗೊತ್ತಾಗಬೇಕು.

ನಮ್ಮದು ಟ್ರಯಥ್ಲಾನ್ ಕ್ಲಬ್. ಒಂದೂವರೆ ಕಿಲೋಮೀಟರ್ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ನಲವತ್ತು ಕಿಲೋಮೀಟರ್ ತುಳಿಯಬೇಕು, ಇಳಿದು ಹತ್ತು ಕಿಲೋಮೀಟರ್ ಓಡಬೇಕು. ನಡುವೆ ಕುಳಿತು ಸುಧಾರಿಸಿಕೊಳ್ಳುವ ಮಾತಿಲ್ಲ. ಈಜುವಾಗ ಕ್ಲಬ್ಬಿನವರೆಲ್ಲ ನೀಲಿ ರಬ್ಬರ್ ಟೋಪಿ ಹಾಕುತ್ತೇವೆ. ವಾರ್ಷಿಕ ಸ್ಪರ್ಧೆಯಲ್ಲಿ ನಮ್ಮ ಹೆಂಗಸರ ಪೈಕಿ ಮೊದಲು ಮುಗಿಸಿದವಳು ಮಾತ್ರ ಮುಂದಿನ ಒಂದು ವರ್ಷ ಕೆಂಪು ಟೋಪಿ ಹಾಕುತ್ತಾಳೆ. ಏಳು ವರ್ಷ ಅದು ನನ್ನ ತಲೆಯ ಮೇಲಿತ್ತು. ಕೊಳದಲ್ಲಿ ಮುಖ ಎತ್ತಿದರೆ ಸಾಕು, ಹೊಸಬರು "ಅವರೇ ಕಣೋ" ಎಂದು ಪಿಸುಗುಟ್ಟುವುದು ಕೇಳಿಸುತ್ತಿತ್ತು. ನಲವತ್ತೈದು ವರ್ಷದ ಹೆಂಗಸನ್ನು ತೋರಿಸಿ ಜನ ಪಿಸುಗುಟ್ಟಲು ಬೇರೆ ಒಳ್ಳೆಯ ಕಾರಣಗಳು ಅಷ್ಟಾಗಿ ಇರುವುದಿಲ್ಲ.

ಈಗ ಇಸ್ತ್ರಿಯ ವಿಚಾರ. ಅವಳು ಕೆಲಸ ಮಾಡುವುದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳಿಂದ ಬಂದ ಹಾಸಿಗೆ ಬಟ್ಟೆಗಳನ್ನು ಹಬೆ ಯಂತ್ರಕ್ಕೆ ಕೊಟ್ಟು, ಆಚೆ ಬದಿಯಿಂದ ಬಂದದ್ದನ್ನು ಇನ್ನೊಬ್ಬಳ ಜತೆ ಮೂಲೆಗೆ ಮೂಲೆ ಹಿಡಿದು ಮಡಚುವುದು. ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು. ಒಳಗೆ ಎಷ್ಟು ಸೆಕೆ ಎಂದರೆ ಕನ್ನಡಕ ಹಾಕಿಕೊಂಡು ಹೋದವರಿಗೆ ಎದುರಿಗಿರುವವರು ಕಾಣಿಸುವುದಿಲ್ಲ. ಅಲ್ಲಿಂದ ಹೊರಬಂದವಳಿಗೆ ಉರಿಬಿಸಿಲೂ ತಂಪು. ಬಿಸಿಲಲ್ಲಿ ಓಡುವಾಗ ನಾವೆಲ್ಲ ನಾಲಿಗೆ ಹೊರಹಾಕುತ್ತಿದ್ದರೆ ಇವಳು ಮೂಗಿನಲ್ಲೇ ಏನೋ ಹಾಡಿಕೊಳ್ಳುತ್ತಾ ಹೋಗುತ್ತಾಳೆ. ಪಕ್ಕದಲ್ಲಿ ಓಡುವವಳಿಗೆ ಆ ಗುನುಗು ಕೇಳಿಸಿದರೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತದೆ.

ಅವಳನ್ನು ಕ್ಲಬ್ಬಿಗೆ ಸೇರಿಸಿದವಳು ನಾನೇ. ಯಾರನ್ನೂ ದೂರುವಂತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಮಹಡಿ ಮೆಟ್ಟಿಲ ಮೇಲೆ ನಿಂತು ನಾನು ಸೈಕಲ್ ಹೊರತೆಗೆಯುವುದನ್ನು ನೋಡಿದಳು.

"ಇಷ್ಟು ಬೇಗ ಎಲ್ಲಿಗೆ ಅಕ್ಕ?"

ಹೇಳಿದೆ. ಈಜು, ಸೈಕಲ್, ಓಟ, ಎಲ್ಲ ಹೇಳಿದೆ.

"ಮೂರೂ ಒಂದೇ ದಿನಾನಾ? ಯಾರು ಮಾಡು ಅಂದ್ರು?"

"ಯಾರೂ ಅಂದಿಲ್ಲ."

"ಮತ್ತೆ ಯಾಕಕ್ಕ?"

ನಾನು ಸೈಕಲ್ ಹತ್ತಿ ಹೊರಟುಬಿಟ್ಟೆ. ಮಾರನೆಯ ದಿನ ಈಜುಕೊಳದ ಬಾಗಿಲಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ನನಗಿಂತ ಮೊದಲೇ ನಿಂತಿದ್ದಳು. ನೀರಿಗಿಳಿದ ಮೇಲೆ ಗೊತ್ತಾಯಿತು, ಅವಳಿಗೆ ನೀರೆಂದರೆ ಜೀವಭಯ. ಕಂಬಿ ಹಿಡಿದವಳು ಬಿಡಲೊಲ್ಲಳು. ನಾಲ್ಕು ತಿಂಗಳು ನನ್ನ ಅಂಗೈಯಲ್ಲಿ ಅವಳ ಗಲ್ಲ ಹಿಡಿದು ಈಜು ಕಲಿಸಿದ್ದೇನೆ. ಮೊದಲ ಬಾರಿಗೆ ಕೈಬಿಟ್ಟಾಗ ಆಚೆ ದಡ ಮುಟ್ಟಿ ತಿರುಗಿ ನೋಡಿ, "ಅಕ್ಕಾ, ಬಿಟ್ಟೇ ಬಿಟ್ರಾ?" ಎಂದು ಕಿರುಚಿ ನಕ್ಕಳು. ಅವತ್ತು ನನಗೂ ಕಣ್ಣು ತುಂಬಿ ಬಂದಿತ್ತು. ಸುಳ್ಳು ಹೇಳುವುದಿಲ್ಲ. ಅವಳು ನನಗಿಂತ ಹಿಂದಿದ್ದಷ್ಟು ಕಾಲ ನಾನು ಬಹಳ ಒಳ್ಳೆಯವಳಾಗಿದ್ದೆ.

ಮೊದಲ ವಾರ್ಷಿಕ ಸ್ಪರ್ಧೆಯಲ್ಲಿ ಅವಳು ನನಗಿಂತ ಅರ್ಧ ಗಂಟೆ ಹಿಂದೆ. ಆಮೇಲೆ ಹನ್ನೊಂದು ನಿಮಿಷ. ಆಮೇಲೆ ಆರು. ಹೋದ ವರ್ಷ ಒಂದೂವರೆ. ಆ ಒಂದೂವರೆ ನಿಮಿಷದ ದಿನ ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ಟೋಪಿಯನ್ನು ಬೆರಳಲ್ಲಿ ಮುಟ್ಟಿ, "ಇದು ಒಂದ್ಸಲ ನನ್ನ ತಲೆ ಮೇಲೆ ಬರ್ಲಿ ಅಕ್ಕ. ಒಂದೇ ಒಂದ್ಸಲ. ಆಮೇಲೆ ಬೇಕಾದ್ರೆ ನೀವೇ ಇಟ್ಕೊಳ್ಳಿ" ಎಂದಳು. ಎಷ್ಟು ಸಲೀಸಾಗಿ ಹೇಳಿದಳು! ಪಕ್ಕದ ಮನೆಯಿಂದ ಸಕ್ಕರೆ ಕೇಳಿದ ಹಾಗೆ. ನಾನು ನಕ್ಕೆ. ಮನೆಗೆ ಬಂದು ಟೋಪಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ. ನನ್ನ ಯಜಮಾನರು, "ರಬ್ಬರ್ ಟೋಪಿಗೂ ಬೀಗವೇನೇ?" ಎಂದರು. ಅವರು ವರ್ಷಕ್ಕೆ ಹತ್ತು ಮಾತಾಡುವ ಮನುಷ್ಯ. ಅದರಲ್ಲೊಂದನ್ನು ಇದಕ್ಕೆ ಖರ್ಚು ಮಾಡಿದರು.

ಈ ವರ್ಷ ಅಭ್ಯಾಸದಲ್ಲೇ ಅವಳು ನನ್ನನ್ನು ದಾಟತೊಡಗಿದಳು. ದಾಟುವಾಗ ಸುಮ್ಮನೆ ಹೋಗುತ್ತಾಳೆಯೇ? "ಬನ್ನಿ ಅಕ್ಕ, ನನ್ನ ಹಿಂದೆನೇ ಬನ್ನಿ" ಎನ್ನುತ್ತಾಳೆ. ನಾನು ಕಲಿಸಿದ ಮಾತು, ನನ್ನದೇ ಧಾಟಿಯಲ್ಲಿ. ಸ್ಪರ್ಧೆಗೆ ಎರಡು ವಾರವಿರುವಾಗ ಅತ್ತೆ ಊಟಕ್ಕೆ ಕೂತಿದ್ದವರು, "ಈ ಸಲ ಟೋಪಿ ಮಹಡಿ ಮೇಲೆ ಹೋಗತ್ತೇನೋ" ಎಂದರು. ಇಷ್ಟು ವರ್ಷ ಆ ಟೋಪಿಯ ಬಣ್ಣ ಯಾವುದೆಂದು ಕೇಳದವರು! ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಇಲ್ಲಿ ನಮ್ಮ ಕ್ಲಬ್ಬಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾರೂ ಸ್ಪರ್ಧೆಗೆ ಮುಂಚೆ ತಮ್ಮ ಸೈಕಲ್ಲನ್ನು ತಾವು ಪರೀಕ್ಷೆ ಮಾಡುವಂತಿಲ್ಲ. ಹಿಂದಿನ ಸಂಜೆ ಮೇಷ್ಟ್ರು ಹೇಳಿದವರು ನೋಡಬೇಕು. ಚಕ್ರದ ಗಾಳಿ, ಚೈನು, ಬ್ರೇಕು ನೋಡಿ, ಎಲ್ಲ ಸರಿಯಿದ್ದರೆ ಚೀಟಿಯ ಮೇಲೆ ಸಹಿ ಹಾಕಿ ಹ್ಯಾಂಡಲ್ಲಿಗೆ ಕಟ್ಟಬೇಕು. ಚೀಟಿ ಕಟ್ಟಿದ ಮೇಲೆ ಸೈಕಲ್ಲಿನ ಒಡೆಯ ಅದರ ಒಂದು ನಟ್ಟನ್ನೂ ಮುಟ್ಟಬಾರದು. ಇದು ಹುಟ್ಟಿದ್ದು ಮೇಷ್ಟ್ರಿಂದಲೇ. ಒಂದು ಸಲ ಅವರು ಸ್ಪರ್ಧೆಯ ಬೆಳಿಗ್ಗೆ ಗಾಬರಿಗೆ ಬಿದ್ದು ಸೀಟಿನ ಬೋಲ್ಟನ್ನು ತಿರುಗಿಸಿ ತಿರುಗಿಸಿ ಮುರಿದುಹಾಕಿ, ನಲವತ್ತು ಕಿಲೋಮೀಟರನ್ನೂ ನಿಂತುಕೊಂಡೇ ತುಳಿದಿದ್ದರು. "ತನ್ನ ಸೈಕಲ್ ಅಂದ್ರೆ ಮನುಷ್ಯನಿಗೆ ಬುದ್ಧಿ ಕೆಡತ್ತೆ. ಇನ್ನೊಬ್ಬರ ಕಣ್ಣೇ ಸರಿ" ಎನ್ನುವುದು ಆಮೇಲಿನ ಅವರ ಸಿದ್ಧಾಂತ. ಹನ್ನೆರಡು ವರ್ಷದಲ್ಲಿ ಯಾರೂ ಈ ಪದ್ಧತಿ ಮುರಿದಿಲ್ಲ. ಚೀಟಿ ಇದ್ದರೆ ಮುಗಿಯಿತು, ಕಣ್ಣುಮುಚ್ಚಿ ಹತ್ತಬಹುದು.

ಈ ಸಲ ನನ್ನ ಸೈಕಲ್ ಪೋಸ್ಟ್‌ಮ್ಯಾನ್ ಪಾಲಿಗೆ ಬಂತು. ಇಸ್ತ್ರಿಯ ಸೈಕಲ್ ನನ್ನ ಪಾಲಿಗೆ.

ಸ್ಪರ್ಧೆ ಕೆರೆಯ ದಂಡೆಯಲ್ಲಿ. ಹಿಂದಿನ ಮಧ್ಯಾಹ್ನ ಸೈಕಲ್ಲುಗಳ ಚಕ್ರ ಬಿಚ್ಚಿ ವ್ಯಾನಿನಲ್ಲಿ ತುಂಬಿಕೊಂಡು ಹೋಗಿದ್ದೆವು. ಅಲ್ಲಿ ಚಕ್ರ ಜೋಡಿಸಿ, ಉದ್ದನೆಯ ಕಬ್ಬಿಣದ ಕಂಬಿಗಳಿಗೆ ಸೈಕಲ್ಲುಗಳನ್ನು ನಂಬರಿನ ಪ್ರಕಾರ ನೇತುಹಾಕಿದೆವು. ಸಂಜೆ ಐದು ಗಂಟೆಯ ಹೊತ್ತು. ಪೋಸ್ಟ್‌ಮ್ಯಾನ್ ನನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚೈನಿನ ಒಂದೊಂದು ಕೊಂಡಿಯನ್ನೂ ಒರೆಸುತ್ತಿದ್ದ. ಅವನಿಗೆ ಎಲ್ಲದರಲ್ಲೂ ಹಾಗೆ. ಕಾಗದ ಕೊಡುವಾಗಲೂ ಮನೆ ನಂಬರನ್ನು ಎರಡು ಸಲ ಓದುತ್ತಾನಂತೆ. ಇಸ್ತ್ರಿ ದೂರದಲ್ಲಿ ಬೇರೆ ಕ್ಲಬ್ಬಿನ ಹೆಂಗಸರನ್ನು ಗುಡ್ಡೆ ಹಾಕಿಕೊಂಡು ನಗಿಸುತ್ತಿದ್ದಳು.

ನಾನು ಅವಳ ಸೈಕಲ್ಲಿನ ಗಾಳಿ ನೋಡಿದೆ, ಸರಿಯಿತ್ತು. ಚೈನು ಸರಿಯಿತ್ತು. ಹಿಂಭಾಗ ಎತ್ತಿ ಚಕ್ರ ತಿರುಗಿಸಿದೆ. ಹತ್ತು ಎಣಿಸಿದರೂ ಚಕ್ರ ತಿರುಗುತ್ತಿರಬೇಕು, ಅದು ನಮ್ಮ ಲೆಕ್ಕ. ಒಂದು, ಎರಡು, ಮೂರು, ನಾಲ್ಕು. ನಿಂತಿತು.

ಇನ್ನೊಮ್ಮೆ ತಿರುಗಿಸಿದೆ. ಮತ್ತೆ ನಾಲ್ಕಕ್ಕೇ ನಿಂತಿತು. ಬಗ್ಗಿ ನೋಡಿದೆ. ಜೋಡಿಸುವಾಗ ಚಕ್ರ ಒಂದಿಷ್ಟು ಓರೆಯಾಗಿ ಕೂತಿತ್ತು. ಎಡಗಡೆಯ ಬ್ರೇಕಿನ ರಬ್ಬರು ಚಕ್ರದ ಅಂಚಿಗೆ ತಾಗಿಕೊಂಡಿತ್ತು. ಬೇರೆಯವರಿಗೆ ಕೇಳಿಸದಷ್ಟು ಸಣ್ಣ ಸದ್ದು. ನಟ್ಟು ಸಡಿಲಿಸಿ, ಚಕ್ರವನ್ನು ನೇರ ಮಾಡಿ, ಮತ್ತೆ ಬಿಗಿಯಬೇಕು, ಅಷ್ಟೆ. ಅರ್ಧ ನಿಮಿಷದ ಕೆಲಸ. ಪಾನಾ ನನ್ನ ಜೇಬಿನಲ್ಲೇ ಇತ್ತು.

ಆಚೆಯಿಂದ ಇಸ್ತ್ರಿಯ ನಗು ಕೇಳಿಸಿತು. ಅದಕ್ಕೆ ಹತ್ತು ಜನರ ನಗು ಸೇರಿಕೊಂಡಿತು.

ನಾನು ಚೀಟಿಗೆ ಸಹಿ ಹಾಕಿ ಹ್ಯಾಂಡಲ್ಲಿಗೆ ಕಟ್ಟಿದೆ.

ಆಮೇಲೆ ಮನಸ್ಸಿಗೆ ಎಷ್ಟು ಸಮಾಧಾನ ಹೇಳಿಕೊಂಡೆ ಎನ್ನುತ್ತೀರಿ! ನಾನೇನೂ ಕೆಡಿಸಲಿಲ್ಲವಲ್ಲ, ಕೆಟ್ಟಿದ್ದನ್ನು ನೋಡಲಿಲ್ಲ ಅಷ್ಟೆ. ಚಕ್ರ ಜೋಡಿಸಿದವಳು ಅವಳೇ, ನಾನಲ್ಲ. ಬಿದ್ದು ಪೆಟ್ಟಾಗುವಂಥದ್ದೇನೂ ಅಲ್ಲ, ಸ್ವಲ್ಪ ಭಾರ ಎನಿಸುತ್ತದೆ. ಹೊರಡುವ ಮುಂಚೆ ಅವಳೇ ಒಮ್ಮೆ ನೋಡಿಕೊಳ್ಳುತ್ತಾಳೆ. ಇದನ್ನೆಲ್ಲ ಹೇಳಿಕೊಳ್ಳುವಾಗ, ಒಡೆಯರು ಮುಟ್ಟಬಾರದು ಎಂಬ ನಿಯಮ ನನಗೆ ನೆನಪೇ ಇಲ್ಲದವಳಂತೆ ಇದ್ದೆ. "ಹೇಗಿದೆ ಅಕ್ಕ ನನ್ನ ಕುದುರೆ?" ಎಂದು ಅವಳು ಬಂದು ಕೇಳಿದಳು. "ಚೆನ್ನಾಗಿದೆ" ಎಂದೆ. ಅವಳು ಚೀಟಿಯನ್ನು ನೋಡಿ, ಸೀಟಿಗೊಂದು ಏಟು ಹಾಕಿ, ಬಾಳೆಹಣ್ಣು ತಿನ್ನುತ್ತಾ ಹೋದಳು.

ಬೆಳಿಗ್ಗೆ ಶಿಳ್ಳೆ ಊದಿದರು. ನೀರಿನಲ್ಲಿ ನನ್ನನ್ನು ಹಿಡಿಯಲು ಅವಳಿಗೆ ಇನ್ನೂ ಆಗಿಲ್ಲ. ನಾನು ಮೂರು ನಿಮಿಷ ಮುಂದೆ ದಡ ಹತ್ತಿದೆ. ಸೈಕಲ್ ಇಳಿಸಿಕೊಂಡು ಹೊರಟಾಗ ನನ್ನದು ಬೆಣ್ಣೆಯ ಹಾಗೆ ಜಾರುತ್ತಿತ್ತು, ಪೋಸ್ಟ್‌ಮ್ಯಾನಿನ ಕೈಗುಣ. ಅಭ್ಯಾಸದಲ್ಲಾದರೆ ಹತ್ತನೆಯ ಕಿಲೋಮೀಟರಿಗೆಲ್ಲ ಅವಳ ಚಕ್ರದ ಸದ್ದು ನನ್ನ ಬೆನ್ನಿಗೆ ಬಂದಿರುತ್ತಿತ್ತು. ಹತ್ತಾಯಿತು, ಹದಿನೈದಾಯಿತು, ಯಾರೂ ಬರಲಿಲ್ಲ. ಇಪ್ಪತ್ತಕ್ಕೆ ರಸ್ತೆಯ ನಡುವೆ ಡ್ರಮ್ಮು ಇಟ್ಟಿದ್ದರು, ಅದನ್ನು ಸುತ್ತಿ ಅದೇ ರಸ್ತೆಯಲ್ಲಿ ವಾಪಸು ಬರಬೇಕು. ಸುತ್ತಿಕೊಂಡು ತಿರುಗಿದೆ. ಆಮೇಲೆ ಅವಳು ಎದುರಿಗೆ ಬಂದಳು.

ನಾನು ಅವಳನ್ನು ಹಾಗೆ ನೋಡಿದ್ದೇ ಇಲ್ಲ. ಮುಖ ಕೆಂಪಾಗಿತ್ತು, ತುಟಿ ಕಚ್ಚಿ ಹಿಡಿದಿದ್ದಳು, ಒಂದೊಂದು ತುಳಿತಕ್ಕೂ ಭುಜ ಅಲ್ಲಾಡುತ್ತಿತ್ತು. ಗುನುಗು ಇರಲಿಲ್ಲ. ನನ್ನನ್ನು ಕಂಡದ್ದೇ ಹ್ಯಾಂಡಲ್ ಬಿಟ್ಟು ಒಂದು ಕೈ ಎತ್ತಿ, "ಬಿಡ್ಬೇಡಿ ಅಕ್ಕಾ, ಹೋಗಿ, ಹೋಗಿ!" ಎಂದು ಕೂಗಿದಳು.

'ಬ್ರೇಕ್' ಎಂದು ಒಂದೇ ಒಂದು ಮಾತು ಕೂಗಬಹುದಿತ್ತು. ಅವಳು ಇಳಿದು ಬ್ರೇಕಿಗೆ ಒಂದು ಗುದ್ದು ಕೊಟ್ಟರೂ ರಬ್ಬರು ಬಿಟ್ಟುಕೊಳ್ಳುತ್ತಿತ್ತು. ನನಗೆ ಉಸಿರಿತ್ತು, ಹೊತ್ತೂ ಇತ್ತು. ನಾನು ಬಾಟಲಿ ತೆಗೆದು ನೀರು ಕುಡಿದೆ.

ಓಟದಲ್ಲಿ ಅವಳು ನನ್ನನ್ನು ಅಟ್ಟಿಸಿಕೊಂಡು ಬಂದಳು. ಆ ಸೈಕಲ್ಲನ್ನು ನಲವತ್ತು ಕಿಲೋಮೀಟರ್ ಎಳೆದ ಕಾಲುಗಳಲ್ಲಿ ಹಾಗೆ ಓಡಲು ಹೇಗಾಯಿತೋ! ಕೊನೆಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಮುಖ ಕಾಣುವಷ್ಟು ಹತ್ತಿರವಿದ್ದಳು. ನಾನು ನಲವತ್ತು ಸೆಕೆಂಡ್ ಮುಂಚೆ ಗೆರೆ ಮುಟ್ಟಿದೆ. ಮೇಷ್ಟ್ರು "ಎಂಟನೇ ವರ್ಷ!" ಎಂದು ಕೆಂಪು ಟೋಪಿಯನ್ನು ಬೆವರಿನ ತಲೆಗೇ ಹಾಕಿದರು. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಮನೆಯಿಂದ ಫೋನು. ಅತ್ತೆ. "ಚಿಕ್ಕವಳು ಎಷ್ಟನೆಯವಳಾಗಿ ಬಂದ್ಲು?" ಎಂದರು. ನನ್ನದನ್ನು ಕೇಳಲಿಲ್ಲ. ಗೆದ್ದ ಮೇಲೂ ನನಗೆ ಹೊಟ್ಟೆ ಉರಿಯಿತು, ಅದೂ ಹೇಳಿಬಿಡುತ್ತೇನೆ.

ಇಸ್ತ್ರಿ ಹುಲ್ಲಿನ ಮೇಲೆ ಕೂತು ತೊಡೆಗಳನ್ನು ಎರಡೂ ಕೈಯಿಂದ ತಿಕ್ಕಿಕೊಳ್ಳುತ್ತಿದ್ದಳು. ಅಳು ಬಂದು ಹೋದ ಮುಖ. ನನ್ನನ್ನು ಕಂಡು ನಕ್ಕಳು.

"ಕಾಲೇ ಬರ್ಲಿಲ್ಲ ಅಕ್ಕ. ಸೈಕಲ್ ಮೇಲೆ ಏನಾಯ್ತೋ, ಮರಳಲ್ಲಿ ತುಳಿದ ಹಾಗೆ. ವಯಸ್ಸಾಯ್ತು ಅನ್ಸತ್ತೆ."

ಅವಳಿಗೆ ಮೂವತ್ತನಾಲ್ಕು. "ನೀರು ಕುಡಿ" ಎಂದೆ. ಇನ್ನೇನು ಹೇಳಲಿ?

ಆಗ ಪೋಸ್ಟ್‌ಮ್ಯಾನ್ ಎಲ್ಲರ ಸೈಕಲ್ಲುಗಳನ್ನು ವ್ಯಾನಿನ ಹತ್ತಿರ ತರುತ್ತಿದ್ದ. ಅವಳ ಸೈಕಲ್ ತಳ್ಳುವಾಗ ಗಕ್ಕನೆ ನಿಂತ. ಹಿಂಭಾಗ ಎತ್ತಿದ. ಚಕ್ರ ತಿರುಗಿಸಿದ.

"ಇಸ್ತ್ರಿಯಕ್ಕ, ನಿಮ್ಮ ಬ್ರೇಕ್ ಕಚ್ಕೊಂಡಿದೆಯಲ್ರೀ! ಇದನ್ನ ಇಟ್ಕೊಂಡು ನಲವತ್ತು ಕಿಲೋಮೀಟರ್ ತುಳಿದ್ರಾ?"

ಮೇಷ್ಟ್ರು ತಿರುಗಿದರು. ಎಲ್ಲರೂ ತಿರುಗಿದರು. ಹ್ಯಾಂಡಲ್ಲಿನಲ್ಲಿ ನನ್ನ ಸಹಿಯ ಚೀಟಿ ಇನ್ನೂ ಹಾಗೇ ನೇತಾಡುತ್ತಿತ್ತು.

"ಈಗ ಆಗಿರ್ಬೇಕು ಬಿಡಿ" ಎಂದಳು ಇಸ್ತ್ರಿ. "ಕೊನೇಲಿ ಒಂದು ಗುಂಡಿಗೆ ಇಳಿಸಿದ್ದೆ. ನಿನ್ನೆ ಅಕ್ಕ ನೋಡಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅರ್ಧ ದಾರೀಲಿ ಒಂದ್ಸಲ ಇಳಿದು ನೋಡೋಣ ಅನ್ನಿಸ್ತು ಅಕ್ಕ. ನಿಮ್ಮ ಸಹಿ ಕಣ್ಣೆದುರಿಗೇ ಇತ್ತು. ಸೈಕಲ್ ಸರಿ ಇದೆ, ಕಾಲೇ ಸರಿ ಇಲ್ಲ ಅಂತ ನನ್ನ ಕಾಲನ್ನೇ ಬೈಕೊಂಡು ತುಳಿದೆ" ಎಂದಳು.

ಟೋಪಿಯ ರಬ್ಬರು ಹಣೆಗೆ ಒತ್ತುತ್ತಿತ್ತು. ಅದನ್ನು ನಾನು ತೆಗೆಯಲಿಲ್ಲ.

ಮೂರು ವಾರ ಕಳೆಯಿತು. ಆಸ್ಪತ್ರೆಯಲ್ಲಿ ಒಬ್ಬ ಮುದುಕಿ ಕೈಯ ಪ್ಲಾಸ್ಟರ್ ಕೊಯ್ಸಿಕೊಳ್ಳಲು ಬಂದಳು. ಬಿಚ್ಚಿದರೆ ಮಣಿಕಟ್ಟಿನಲ್ಲಿ ಬೆರಳಗಲದ ಹುಣ್ಣು. ಒಳಗೆ ಉಜ್ಜುತ್ತಲೇ ಇತ್ತಂತೆ. "ಯಾಕಜ್ಜಿ ಬಂದು ಹೇಳ್ಲಿಲ್ಲ?" ಎಂದು ಗದರಿದೆ. "ಹಾಕಿದವಳು ನೀನು ಅಲ್ವೇನಮ್ಮ, ಸರಿಯಾಗೇ ಹಾಕಿರ್ತೀಯ ಅಂದ್ಕೊಂಡೆ. ನನ್ನ ಕೈಯೇ ನಾಜೂಕು ಅಂತ ಸುಮ್ನಿದ್ದೆ" ಎಂದಳು. ಔಷಧಿ ಹಚ್ಚಿ ಕಳಿಸಿದೆ. ಅವತ್ತು ಸಂಜೆಯೇ ಈ ಹಾಳೆ ಬರೆಯಲು ಕೂತೆ. ಇಸ್ತ್ರಿಯ ಬಗ್ಗೆ ಬರೆಯಬೇಕೆಂದರೆ, ಅವಳು ಎಂಥವಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನ್ನಲ್ಲಿಲ್ಲ. ಅವಳು ಇನ್ನೊಬ್ಬರ ಸಹಿಯನ್ನು ನಂಬಿ ತನ್ನ ಕಾಲನ್ನು ಬೈದುಕೊಳ್ಳುವ ಹೆಂಗಸು. ನಾನು ಸಹಿ ಹಾಕಿದವಳು.

ಇಲ್ಲಿಯವರೆಗಿನದನ್ನು ಮೇಷ್ಟ್ರಿಗೆ ಕೊಡುವ ಮೊದಲು ಅವಳಿಗೇ ಕೊಟ್ಟೆ. ಭಾನುವಾರ ಮಧ್ಯಾಹ್ನ ಅವಳು ಮಹಡಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಹಾಳೆಗಳ ಜತೆ ಕೆಂಪು ಟೋಪಿಯನ್ನೂ ಬಟ್ಟೆಯ ರಾಶಿಯ ಮೇಲಿಟ್ಟು ಕಿಟಕಿಯ ಹತ್ತಿರ ನಿಂತೆ. ಅವಳು ನಿಂತೇ ಓದಿದಳು. ಉಪ್ಪಿನ ಮಾತಿಗೆ ನಕ್ಕಳು. ಆಮೇಲೆ ನಗಲಿಲ್ಲ. ಕೊನೆಯ ಹಾಳೆಯನ್ನು ಎರಡು ಸಲ ಓದಿದಳು. ಓದಿಯಾದ ಮೇಲೆ ಎಲ್ಲವನ್ನೂ ಮೂಲೆಗೆ ಮೂಲೆ ಸೇರಿಸಿ, ಅಂಗೈಯಿಂದ ಒತ್ತಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು.

"ಗೊರಕೆ ಅಂತ ಬರೆದಿದ್ದೀರಲ್ಲ ಅಕ್ಕ, ಅದನ್ನ ತೆಗೀರಿ."

"ಮಿಕ್ಕಿದ್ದು?"

"ಇರ್ಲಿ. ನಿಜ ತಾನೇ."

ಟೋಪಿಯನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ. "ಅದು ಹೀಗೆ ಬೇಡ" ಎಂದು ಮತ್ತೆ ಬಟ್ಟೆ ಮಡಚತೊಡಗಿದಳು. ನಾನು ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅವಳು ಒಂದು ಹೊದಿಕೆಯ ಎರಡು ಮೂಲೆಗಳನ್ನು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ಇಬ್ಬರೂ ಸೇರಿ ಅಷ್ಟೂ ಬಟ್ಟೆ ಮಡಚಿದೆವು. ಕ್ಷಮಿಸಿದಳೋ ಇಲ್ಲವೋ ಕೇಳಲು ಧೈರ್ಯ ಬರಲಿಲ್ಲ.

ಇದಾದ ಮೇಲೆ ಅವಳು ನನ್ನ ಜತೆ ಮಾತು ಬಿಡಲಿಲ್ಲ. ಮುಖ ಊದಿಸಲಿಲ್ಲ, ಅತ್ತೆಗೆ ಚಾಡಿ ಹೇಳಲಿಲ್ಲ. ಈಗಲೂ ಅಕ್ಕ ಎನ್ನುತ್ತಾಳೆ, ನನ್ನ ಆಸ್ಪತ್ರೆಯ ಕೋಟನ್ನು ತನ್ನ ಬಟ್ಟೆಗಳ ಜತೆಗೇ ಇಸ್ತ್ರಿ ಮಾಡಿ ಬಾಗಿಲಿಗೆ ನೇತುಹಾಕುತ್ತಾಳೆ. ಎಂದಿನ ಹಾಗೆ ಮೂರು ತಟ್ಟೆ ಉಣ್ಣುತ್ತಾಳೆ. ಎಂದಿನ ಹಾಗೆ ಗೊರಕೆ ಹೊಡೆಯುತ್ತಾಳೆ. ಆ ಮಾತನ್ನು ನಾನು ತೆಗೆದಿಲ್ಲ, ನಿಜ ತಾನೇ.

ಹೋದ ವಾರ ಇನ್ನೊಂದು ಸಣ್ಣ ಸ್ಪರ್ಧೆಯಿತ್ತು. ಹಿಂದಿನ ಸಂಜೆ ಮೇಷ್ಟ್ರು ಪಟ್ಟಿ ಓದುತ್ತಾ ಅಭ್ಯಾಸಬಲದಿಂದ, "ಇಸ್ತ್ರಿಯ ಸೈಕಲ್, ಪ್ಲಾಸ್ಟರಮ್ಮ" ಎಂದರು. ಅವರಿನ್ನೂ ಈ ಹಾಳೆ ಓದಿಲ್ಲ. ನಾನು ಪಾನಾ ಹಿಡಿದು ಎದ್ದೆ. ಈ ಸಲ ಎಷ್ಟು ಚೆನ್ನಾಗಿ ನೋಡಬೇಕೆಂದಿದ್ದೆ! ಒಂದೊಂದು ನಟ್ಟನ್ನೂ, ಒಂದೊಂದು ಕೊಂಡಿಯನ್ನೂ.

"ಬೇಡ ಮೇಷ್ಟ್ರೇ" ಎಂದಳು ಇಸ್ತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕನ ಸೈಕಲ್ ನಾನು ನೋಡ್ತೀನಿ. ನನ್ನದನ್ನ ಪೋಸ್ಟ್‌ಮ್ಯಾನ್ ನೋಡ್ಲಿ."

ಅವಳು ಸೈಕಲ್ಲನ್ನು ಅವನ ಕೈಗೆ ಕೊಟ್ಟು ನನ್ನ ಸೈಕಲ್ಲಿನ ಮುಂದೆ ಬಂದು ಕುಳಿತಳು. ಹಿಂದಿನ ಚಕ್ರ ತಿರುಗಿಸಿ ಬಾಯಿಬಿಟ್ಟು ಎಣಿಸಿದಳು. ಹತ್ತು ದಾಟಿ ಹದಿನೈದಕ್ಕೆ ಹೋದಳು. ಆಮೇಲೆ ಸಹಿ ಹಾಕಿ ಚೀಟಿ ಕಟ್ಟಿದಳು. ಆಚೆ ಪೋಸ್ಟ್‌ಮ್ಯಾನ್ ಅವಳ ಬ್ರೇಕಿನ ರಬ್ಬರನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ಅವಳು ಅವನ ಕಡೆ ಒಮ್ಮೆಯೂ ತಿರುಗಲಿಲ್ಲ, ನೋಡುವ ಅಗತ್ಯವೇ ಇಲ್ಲ ಎನ್ನುವ ಹಾಗೆ.

ಟೋಪಿ ನನ್ನ ಬೀರುವಿನಲ್ಲೇ ಇದೆ, ಬೀಗ ಹಾಕಿಲ್ಲ. ಈಗ ನನಗೆ ಹೊಟ್ಟೆಕಿಚ್ಚು ಇರುವುದು ಆ ಪೋಸ್ಟ್‌ಮ್ಯಾನಿನ ಮೇಲೆ.